ಹಿಂದಲೆಯ ಬಂಡವಾಳ

ಹುಮನಾಬಾದಿನ ಕಾರ್ಖಾನೆಗಳಲ್ಲಿ ಸಂಬಳಕ್ಕೆ ದುಡಿಯುವ, ಬಸವಕಲ್ಯಾಣದಲ್ಲಿ ಲಾರಿ ವ್ಯವಹಾರ ನೋಡಿಕೊಳ್ಳುವ ಹುಡುಗರ ಫೋನಿಗೆ ಈಗ ಕೂದಲು ಕಸಿಯ ಜಾಹೀರಾತು ಎಡೆಬಿಡದೆ ಬರುತ್ತದೆ. ಕ್ಲಿನಿಕ್ಕುಗಳಿರುವ ಹೈದರಾಬಾದ್, ಸೊಲ್ಲಾಪುರ ಎರಡೂ ರಾಷ್ಟ್ರೀಯ ಹೆದ್ದಾರಿ 65ರ ಮೇಲೇ ಇರುವುದರಿಂದ ಹೋಗಿ ಬರುವುದು ಕಷ್ಟವಲ್ಲ. ಜಾಹೀರಾತಿನಲ್ಲಿ ಎದ್ದು ಕಾಣುವುದು ಎರಡೇ ಸಂಗತಿ: ಗ್ರಾಫ್ಟಿಗೆ (ಬೇರುಸಹಿತ ಕಿತ್ತು ನೆಡುವ ಕೂದಲ ಗುಚ್ಛಕ್ಕೆ) ಇಷ್ಟು ರೂಪಾಯಿ, ತಿಂಗಳಿಗೆ ಇಷ್ಟು ಕಂತು. ಕಸಿ ಮಾಡಿಸಲೇಬೇಡಿ ಎಂದು ನಾನು ಹೇಳುವುದಿಲ್ಲ. ನನ್ನದೂ ನೆತ್ತಿ ಖಾಲಿಯಾಗುತ್ತಿರುವ ತಲೆಯೇ. ದುಡಿದ ದುಡ್ಡನ್ನು ಮುಖಕ್ಕೆ ಖರ್ಚು ಮಾಡಿದರೆ ತಪ್ಪೇನಿಲ್ಲ. ಮದುವೆಯ ಡಿಜೆಗೆ ಸುರಿಯುವುದಕ್ಕಿಂತ ಮೇಲು. ನನ್ನ ವಾದ ಇಷ್ಟೇ: ಇಪ್ಪತ್ತೈದರ ಆಸುಪಾಸಿನವರು ಇದನ್ನು ಸಾಲ ಮಾಡಿ ಇಂದೇ ಮಾಡಿಸಬಾರದು. ಎರಡು ವರ್ಷ ಹಣ ಕೂಡಿಟ್ಟು ಆಮೇಲೆ ನಿರ್ಧರಿಸಬೇಕು. ಇದರಲ್ಲಿ ಬಡ್ಡಿಯ ಲೆಕ್ಕ ಎಷ್ಟಿದೆಯೋ ತಲೆಯ ಲೆಕ್ಕವೂ ಅಷ್ಟೇ ಇದೆ.

ಕಸಿಯಿಂದ ಹೊಸ ಕೂದಲು ಹುಟ್ಟುವುದಿಲ್ಲ, ಇದ್ದ ಕೂದಲು ಜಾಗ ಬದಲಿಸುತ್ತದೆ, ಅಷ್ಟೆ. ಹಿಂದಲೆಯ ಕೂದಲನ್ನು ಬೋಳಾದ ಕಡೆ ನೆಟ್ಟರೂ ಅದು ತನ್ನ ಮೂಲಗುಣ ಬಿಡದೆ ಬೆಳೆಯುತ್ತದೆ ಎಂದು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಕೆಲಸವೇ ಇಂದಿನ ಇಡೀ ಉದ್ಯಮದ ತಳಪಾಯ. ಆದರೆ ಅಲ್ಲಿಂದ ಕಿತ್ತ ಬೇರು ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಒಬ್ಬ ಮನುಷ್ಯನ ಹಿಂದಲೆಯಿಂದ ಜೀವಮಾನದಲ್ಲಿ ವಿಕಾರವಾಗದಂತೆ ತೆಗೆಯಬಹುದಾದದ್ದು ಸಾಮಾನ್ಯವಾಗಿ ಐದಾರು ಸಾವಿರ ಗ್ರಾಫ್ಟ್. ಒಂದೊಂದರಲ್ಲಿ ಒಂದರಿಂದ ನಾಲ್ಕು ಕೂದಲು. ನೆತ್ತಿ ಪೂರ್ತಿ ಬೋಳಾದ ತಲೆಯಲ್ಲಿ ಮುಚ್ಚಬೇಕಾದ ಜಾಗವೋ 150ರಿಂದ 200 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 35 ಗ್ರಾಫ್ಟ್ ಎಂದು ಹಿಡಿದರೂ 7,000ದವರೆಗೆ ಬೇಕು. ಅಂದರೆ ಬಂಡವಾಳ ಮೊದಲೇ ಕಡಿಮೆ. ಇಪ್ಪತ್ನಾಲ್ಕರ ಹುಡುಗ ಕಾಲೇಜಿನ ಫೋಟೊ ತೋರಿಸಿ ಹಣೆಯ ಮೇಲಿನ ಗೆರೆಯನ್ನು ಒಂದೇ ಸೆಂಟಿಮೀಟರ್ ಕೆಳಗೆ ಎಳೆಸಿಕೊಂಡ ಎನ್ನಿ. ಹದಿನೈದು ಸೆಂಟಿಮೀಟರ್ ಅಗಲಕ್ಕೆ ಹದಿನೈದು ಚದರ ಸೆಂಟಿಮೀಟರ್ ಹೆಚ್ಚಾಯಿತು. ನಲವತ್ತರಂತೆ ನೆಟ್ಟರೆ 600 ಗ್ರಾಫ್ಟ್. ಜೀವಮಾನದ ಬಂಡವಾಳದ ಹತ್ತನೇ ಒಂದು ಪಾಲು ಒಂದು ಬೆರಳಿನಗಲಕ್ಕೆ ಹೋಯಿತು. ಮುಂದೆ ಅದರ ಹಿಂದಿನ ಸ್ವಂತ ಕೂದಲು ಉದುರಿದಾಗ ಮುಂದೊಂದು ಗೆರೆ, ನಡುವೆ ಬಯಲು. ಅದನ್ನು ತುಂಬಲು ಹಿಂದಲೆಯಲ್ಲಿ ಸಾಕಷ್ಟು ಉಳಿದಿರುವುದಿಲ್ಲ.

ಅದಕ್ಕೇ 'ಅನ್‌ಲಿಮಿಟೆಡ್ ಗ್ರಾಫ್ಟ್' ಪ್ಯಾಕೇಜು ಅಗ್ಗದ್ದೆಂದು ಕಂಡರೂ ಎಲ್ಲಕ್ಕಿಂತ ದುಬಾರಿ. ವಿಧಾನಗಳ ವಿಷಯಕ್ಕೂ ಇದೇ ಮಾತು. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಚರ್ಮದ ಒಂದು ಪಟ್ಟಿ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಗ್ರಾಫ್ಟ್ ಬಿಡಿಸಿ, ಗಾಯಕ್ಕೆ ಹೊಲಿಗೆ ಹಾಕುತ್ತಾರೆ. ಕಿವಿಯಿಂದ ಕಿವಿಗೆ ಒಂದು ಗೆರೆ ಉಳಿಯುತ್ತದೆ. ಎಫ್‌ಯುಇಯಲ್ಲಿ ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಸಣ್ಣ ಪಂಚಿನಿಂದ ಒಂದೊಂದೇ ಬೇರು ತೆಗೆಯುತ್ತಾರೆ. ಗೆರೆ ಇಲ್ಲ, ಆದರೆ ಅತಿಯಾಗಿ ತೆಗೆದರೆ ಇಡೀ ಹಿಂದಲೆ ನುಸಿ ತಿಂದ ಕಂಬಳಿಯಂತಾಗುತ್ತದೆ. ತಿರುಪತಿಗೆ ಮುಡಿ ಕೊಡುವ ಹರಕೆಯಿರುವ ಮನೆಯವರು, ತಂದೆತಾಯಿ ತೀರಿಕೊಂಡಾಗ ತಲೆ ಬೋಳಿಸುವ ಪದ್ಧತಿಯವರು ಎಫ್‌ಯುಟಿ ಗೆರೆ ಆ ದಿನ ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು. ಡಿಎಚ್‌ಐ, ಸಫಾಯರ್ ಎಂಬ ಹೆಸರುಗಳು ಮುಖ್ಯವಾಗಿ ನೆಡುವ ಪೆನ್ನಿಗೆ, ರಂಧ್ರ ಕೊರೆಯುವ ಅಲಗಿಗೆ ಸಂಬಂಧಿಸಿದವು. ಹಿಂದಲೆಯ ಬಂಡವಾಳವನ್ನು ಅವು ಒಂದು ಗ್ರಾಫ್ಟಿನಷ್ಟೂ ಹೆಚ್ಚಿಸುವುದಿಲ್ಲ.

ಇನ್ನು ದುಡ್ಡು. ಲೆಕ್ಕಕ್ಕೆಂದು 2,500 ಗ್ರಾಫ್ಟ್, ಒಂದಕ್ಕೆ 40 ರೂಪಾಯಿ ಇಟ್ಟುಕೊಳ್ಳೋಣ: ಒಂದು ಲಕ್ಷ. ಆರೋಗ್ಯ ಸೇವೆಗಿರುವ ಜಿಎಸ್‌ಟಿ ವಿನಾಯಿತಿಯಿಂದ ಕೂದಲು ಕಸಿಯನ್ನು ಹೆಸರಿಸಿಯೇ ಹೊರಗಿಟ್ಟಿದ್ದಾರೆ. ತೆರಿಗೆಯನ್ನು ಶೇ 18 ಎಂದು ಹಿಡಿದರೆ 1,18,000. ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆಯೂ ಸಿಗದು. ಶೇ 18ರ ಬಡ್ಡಿಯಲ್ಲಿ 24 ಕಂತು ಎಂದರೆ ತಿಂಗಳಿಗೆ ಸುಮಾರು 5,900, ಕೊನೆಗೆ ಕಟ್ಟುವುದು 1,41,000ಕ್ಕೂ ಹೆಚ್ಚು. 'ನೋ ಕಾಸ್ಟ್ ಇಎಂಐ' ಎಂದರೆ ಬಡ್ಡಿ ಇಲ್ಲವಲ್ಲ ಎನ್ನುವವರಿದ್ದಾರೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಆ ಬಡ್ಡಿ ಬೆಲೆಯಲ್ಲೋ ಸಂಸ್ಕರಣಾ ಶುಲ್ಕದಲ್ಲೋ ಅಡಗಿರುತ್ತದೆ. ಲಾರಿ ಸಾಲಕ್ಕೆ ಲಾರಿಯೇ ದುಡಿದು ಕಂತು ಕಟ್ಟುತ್ತದೆ, ತಲೆ ಹಾಗೆ ಕಟ್ಟುವುದಿಲ್ಲ. ಒಕ್ಕಲುತನದ ಮನೆಗೆ ಸೋಯಾ ದುಡ್ಡು ದೀಪಾವಳಿಯ ಹೊತ್ತಿಗೆ, ತೊಗರಿ ದುಡ್ಡು ಸಂಕ್ರಾಂತಿಯ ಮೇಲೆ ಬರುತ್ತದೆ. ಕಂತು ಮಾತ್ರ ಪ್ರತಿ ತಿಂಗಳೂ ಬಾಗಿಲಲ್ಲಿ ನಿಂತಿರುತ್ತದೆ. ಅದೇ ತಿಂಗಳಿಗೆ 5,000ದಂತೆ ಎರಡು ವರ್ಷ ಆರ್‌ಡಿ ಕಟ್ಟಿದರೆ, ಶೇ 6.5ರ ಬಡ್ಡಿಯಲ್ಲಿ 1,28,000 ಕೈಯಲ್ಲಿರುತ್ತದೆ. ಆ ಎರಡು ವರ್ಷದಲ್ಲಿ ಚರ್ಮವೈದ್ಯರ ಸಲಹೆಯಂತೆ ಮಿನಾಕ್ಸಿಡಿಲ್, ಒಪ್ಪುವವರಿಗೆ ಫಿನಾಸ್ಟರೈಡ್ ಬಳಸಿದರೆ ಉದುರುವುದು ನಿಂತಿತೇ, ಬೋಳು ಎತ್ತ ಹರಡುತ್ತಿದೆ, ನೆತ್ತಿಯ ಸುಳಿ ಎಷ್ಟು ಅಗಲವಾಗುತ್ತಿದೆ ಎಂಬುದೂ ಗೊತ್ತಾಗುತ್ತದೆ. ಒಳ್ಳೆಯ ಸರ್ಜನ್ ಹೇಗೂ ಕೇಳುವ ಪ್ರಶ್ನೆಗಳಿವು. ಉಳಿತಾಯದ ಅವಧಿಯೇ ಪರೀಕ್ಷೆಯ ಅವಧಿಯೂ ಆಗುತ್ತದೆ.

ಔಷಧ ಜೀವಮಾನವಿಡೀ ಬೇಕು, ಕಸಿಯಾದರೆ ಒಂದೇ ಸಲದ ಖರ್ಚು ಎಂಬುದು ದೊಡ್ಡ ಆಕ್ಷೇಪ. ಇದು ಅರ್ಧ ನಿಜ. ನೆಟ್ಟ ಕೂದಲು ನಿಂತರೂ ಅಕ್ಕಪಕ್ಕದ ಸ್ವಂತ ಕೂದಲು ಉದುರುವುದನ್ನು ಕಸಿ ತಡೆಯಲಾರದು. ಕಸಿಯಾದ ಮೇಲೂ ಔಷಧ ಬೇಕಾಗುತ್ತದೆ. ಫಿನಾಸ್ಟರೈಡಿನಿಂದ ಕೆಲವರಿಗೆ ಲೈಂಗಿಕ ತೊಂದರೆಯಾಗುವುದುಂಟು, ಅವರು ಬಿಡಲಿ. ಆದರೆ ಔಷಧ ಒಗ್ಗದವರ ಹಿಂದಲೆಯ ಲೆಕ್ಕ ಇನ್ನೂ ಬಿಗಿಯಾಗಿರಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮದುವೆಯದು: ಹೆಣ್ಣು ನೋಡುವುದು ಈಗ, ನಲವತ್ತೈದರಲ್ಲಲ್ಲ. ಮಾತು ಸರಿ, ನಮ್ಮ ಕಡೆ ಫೋಟೊ ನೋಡಿಯೇ ಬೇಡವೆನ್ನುವವರು ಬೇಕಾದಷ್ಟು. ಆದರೆ ನೆಟ್ಟ ಕೂದಲು ಎರಡರಿಂದ ನಾಲ್ಕು ವಾರದೊಳಗೆ ಉದುರಿ, ಮೂರು ನಾಲ್ಕು ತಿಂಗಳಿಗೆ ಮತ್ತೆ ಮೊಳೆತು, ಪೂರ್ತಿ ಕಾಣಲು ವರ್ಷ ಹಿಡಿಯುತ್ತದೆ. ಮಾರ್ಚಿನಲ್ಲಿ ಕಸಿ ಮಾಡಿಸಿಕೊಂಡವನು ಮೇ ತಿಂಗಳ ಹಂದರದಲ್ಲಿ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ. ಅವಸರದ ಸಾಲ ಆ ಮದುವೆಗೂ ಒದಗುವುದಿಲ್ಲ. ಮೂವತ್ತು ದಾಟಿದವರು, ಬೋಳು ಒಂದು ಹದಕ್ಕೆ ನಿಂತವರು, ಕೈಯಲ್ಲಿ ಹಣವಿದ್ದವರು ಕಾಯಬೇಕಿಲ್ಲ, ಅವರಿಗೆ ನನ್ನ ವಾದ ಹೊಂದದು.

ಮಾಡಿಸುವುದೇ ಎಂದಾದರೆ ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ, ಕೈ ಯಾರದು ಎಂಬುದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಮಾರ್ಗಸೂಚಿಯಂತೆ ತರಬೇತಾದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು, ತಂತ್ರಜ್ಞರು ನೆರವಿಗೆ ಮಾತ್ರ. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದೂ ಅದರಲ್ಲಿ ಹೇಳಿದೆ. ಎಷ್ಟು ಗ್ರಾಫ್ಟ್ ತೆಗೆದರು, ಎಷ್ಟು ನೆಟ್ಟರು, ಯಾವ ವೈದ್ಯರು ಮಾಡಿದರು ಎಂಬುದನ್ನು ಬರೆಸಿಕೊಂಡು ಜಿಎಸ್‌ಟಿ ಬಿಲ್ ಪಡೆಯಿರಿ. ಬಿಲ್ ಬೇಡವೆಂದರೆ ತೆರಿಗೆ ಬಿಡುತ್ತೇವೆ ಎನ್ನುವವರು ನಿಮ್ಮ ಕೈಯಿಂದ ಸಾಕ್ಷಿಯನ್ನೇ ಕಸಿದುಕೊಳ್ಳುತ್ತಾರೆ. ಕ್ಲಿನಿಕ್ ತೆಲಂಗಾಣದಲ್ಲಿರಲಿ ಮಹಾರಾಷ್ಟ್ರದಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಸವಕಲ್ಯಾಣ, ಹುಮನಾಬಾದಿನವರಿಗೆ ಅದು ಬೀದರಿನ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.