ತಂಬೂರಿನ ಫೈಲು ಎಲ್ಲಿ ತಪ್ಪಿಸಿಕೊಂಡಿತು?

ತಂಬೂರಿಗೆ ಕಾಗದ ಹಾಕುವಾಗ ‘ಸಾ|| ತಂಬೂರ, ತಾ|| ಕಲಘಟಗಿ, ಜಿ|| ಧಾರವಾಡ’ ಎಂದು ಊರಿನಿಂದ ಜಿಲ್ಲೆಯತ್ತ ಬರೆಯುತ್ತೇವೆ. ಕಂಪ್ಯೂಟರಿಗೆ ಅದೇ ವಿಳಾಸ ತಿರುವುಮುರುವಾಗಿ ಬೇಕು. ಮೊದಲು ಜಿಲ್ಲೆ, ಆಮೇಲೆ ತಾಲೂಕು, ಊರು, ಕೊನೆಗೆ ಫೈಲು. ಇದೇ ಪಾತ್. ಪೈಥಾನ್ ಕಲಿಯಲು ಕೂತವರು ‘ಫೈಲು ಕಣ್ಣ ಮುಂದ ಐತ್ರಿ, ಆದ್ರೂ ಇಲ್ಲ ಅಂತೈತಿ’ ಎಂದು ಕಂಗಾಲಾಗುವುದು ಇಲ್ಲೇ. ತಪ್ಪು ಅವರ ಬುದ್ಧಿಯದಲ್ಲ, ವಿಳಾಸದ್ದು.

ಮಾಡಿಯೇ ನೋಡೋಣ. ವಿಂಡೋಸ್ ಲ್ಯಾಪ್‌ಟಾಪಿನ ಡಿ ಡ್ರೈವ್‌ನಲ್ಲಿ ಧಾರವಾಡ ಎಂಬ ಫೋಲ್ಡರ್, ಅದರೊಳಗೆ ಕಲಘಟಗಿ, ಅದರೊಳಗೆ ತಂಬೂರ ಮಾಡಿ. ಹೆಸರುಗಳು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರಲಿ. ತಂಬೂರದೊಳಗೆ ಮಳೆ ಲೆಕ್ಕದ ಒಂದು ಸಿಎಸ್‌ವಿ ಫೈಲು ಇಡಿ. ಶಿಫ್ಟ್ ಒತ್ತಿ ಹಿಡಿದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಕಾಪಿ ಆ್ಯಸ್ ಪಾತ್’ ಸಿಗುತ್ತದೆ. ಅದನ್ನು ಪೈಥಾನ್ ಪ್ರೋಗ್ರಾಮಿನಲ್ಲಿ ಫೈಲು ಓಪನ್ ಮಾಡುವ ಸಾಲಿಗೆ ಅಂಟಿಸಿದರೆ ಹೀಗಿರುತ್ತದೆ (ಓದಲು ಸುಲಭವಾಗಲೆಂದು ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ):

ಡಿ:\ಧಾರವಾಡ\ಕಲಘಟಗಿ\ತಂಬೂರ\ಮಳೆ.ಸಿಎಸ್‌ವಿ

ಓಡಿಸಿ. ಎರರ್ ಬರುತ್ತದೆ. ಗಾಬರಿಯಾಗದೆ ಎರರ್ ಸಾಲನ್ನು ಅಕ್ಷರ ಬಿಡದೆ ಓದಿ. ಉಳಿದೆಲ್ಲ ಕಡೆ ಬ್ಯಾಕ್‌ಸ್ಲ್ಯಾಶ್ ಎರಡೆರಡು ಕಾಣುತ್ತದೆ, ತಂಬೂರಿನ ಮುಂದೆ ಮಾತ್ರ ಒಂದೇ. ಕಳ್ಳ ಸಿಕ್ಕಿದ್ದು ಅಲ್ಲೇ. ಪೈಥಾನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಪಕ್ಕ ಸಣ್ಣ ‘ಟಿ’ ಬಂದರೆ ಅದು ಟ್ಯಾಬ್ ಎಂಬ ಖಾಲಿ ಜಾಗ. ಊರಿನ ಮೊದಲ ಅಕ್ಷರವನ್ನೇ ಅದು ನುಂಗಿತು. ಕಲಘಟಗಿ, ಕುಂದಗೋಳಕ್ಕೆ ಈ ಕಾಟವಿಲ್ಲ. ನವಲಗುಂದದ ‘ಎನ್’ ಹೊಸ ಸಾಲಾಗುತ್ತದೆ, ಅಣ್ಣಿಗೇರಿಯ ‘ಎ’ ಗಂಟೆ ಬಾರಿಸುವ ಹಳೆಯ ಸಂಕೇತವಾಗುತ್ತದೆ. ಸಿ ಡ್ರೈವ್‌ನ ‘ಯೂಸರ್ಸ್’ ಫೋಲ್ಡರಿನ ದೊಡ್ಡ ‘ಯು’ ಇನ್ನೂ ಹಟಮಾರಿ, ಪ್ರೋಗ್ರಾಮ್ ಶುರುವಾಗಲಿಕ್ಕೇ ಬಿಡುವುದಿಲ್ಲ.

ಪರಿಹಾರ ಸುಲಭ. ಬ್ಯಾಕ್‌ಸ್ಲ್ಯಾಶ್‌ಗಳನ್ನೆಲ್ಲ ಮುಂದಕ್ಕೆ ವಾಲಿದ ಸ್ಲ್ಯಾಶ್ (/) ಮಾಡಿ, ವಿಂಡೋಸ್‌ನಲ್ಲೂ ಪೈಥಾನ್ ಅದನ್ನು ಒಪ್ಪುತ್ತದೆ. ಉದ್ಧರಣ ಚಿಹ್ನೆ ಶುರುವಾಗುವ ಮೊದಲು ‘ಆರ್’ ಅಕ್ಷರ ಹಾಕಿದರೂ ನಡೆಯುತ್ತದೆ, ಆದರೆ ನಾನು ಹೇಳಿಕೊಡುವುದು ಸ್ಲ್ಯಾಶನ್ನೇ, ಏಕೆಂದರೆ ಲಿನಕ್ಸ್‌ನಲ್ಲೂ ಅದೇ ಬಳಕೆ. 1983ರಲ್ಲಿ ವಿಂಡೋಸ್‌ಗೂ ಹಿಂದಿನ ಎಂಎಸ್-ಡಾಸ್ 2.0ಕ್ಕೆ ಫೋಲ್ಡರುಗಳು ಬಂದಾಗ ಸ್ಲ್ಯಾಶ್ ಆಗಲೇ ಕಮಾಂಡಿನ ಆಯ್ಕೆಗಳಿಗೆ ಬಳಕೆಯಲ್ಲಿತ್ತು. ಹೀಗಾಗಿ ಬ್ಯಾಕ್‌ಸ್ಲ್ಯಾಶ್ ಹಿಡಿದರು. ಆ ನಿರ್ಧಾರದ ಭಾರವನ್ನು ಕಲಿಯುವವರು ಇಂದಿಗೂ ಹೊರುತ್ತಿದ್ದಾರೆ.

ಇನ್ನು ಎರಡನೆಯ ತೊಡಕು. ತಂಬೂರಿನಲ್ಲಿ ಬರೆದದ್ದನ್ನು ಪೆನ್‌ಡ್ರೈವ್‌ನಲ್ಲಿ ಹುಬ್ಬಳ್ಳಿಯ ಲ್ಯಾಬಿಗೆ ಒಯ್ದರೆ ಅಲ್ಲಿ ಡಿ ಡ್ರೈವ್ ಇಲ್ಲದೇ ಇರಬಹುದು. ಪೂರ್ಣ ವಿಳಾಸ ಕೆಲಸಕ್ಕೆ ಬರುವುದಿಲ್ಲ. ಆಗ ‘ನಿಂತಲ್ಲಿಂದ’ ದಾರಿ ಹೇಳಬೇಕು. ಒಂದು ಚುಕ್ಕೆ ಎಂದರೆ ಇಲ್ಲೇ, ಎರಡು ಚುಕ್ಕೆ ಎಂದರೆ ಒಂದು ಮೆಟ್ಟಿಲು ಮೇಲೆ. ತಂಬೂರ ಫೋಲ್ಡರಿನಲ್ಲಿ ನಿಂತು, ಧಾರವಾಡದೊಳಗಿನ ಕುಂದಗೋಳ ಫೋಲ್ಡರಿನ ಫೈಲು ಬೇಕೆಂದರೆ:

../../ಕುಂದಗೋಳ/ಮಳೆ.ಸಿಎಸ್‌ವಿ

ಒಮ್ಮೆ ಹತ್ತಿದರೆ ಕಲಘಟಗಿ, ಇನ್ನೊಮ್ಮೆ ಹತ್ತಿದರೆ ಧಾರವಾಡ, ಅಲ್ಲಿಂದ ಕುಂದಗೋಳಕ್ಕೆ ಇಳಿಯುವುದು.

‘ನಿಂತಲ್ಲಿ’ ಎಂದರೆ ಪ್ರೋಗ್ರಾಮ್ ಇಟ್ಟ ಜಾಗವಲ್ಲ, ಅದನ್ನು ಓಡಿಸಿದ ಜಾಗ. ಎಷ್ಟೋ ಸಂಜೆಗಳು ಇದೊಂದು ಗೊಂದಲದಲ್ಲೇ ಹಾಳಾಗುತ್ತವೆ. ಓಎಸ್ ಮಾಡ್ಯೂಲಿನ ‘ಗೆಟ್‌ಸಿಡಬ್ಲ್ಯೂಡಿ’ಯನ್ನು ಪ್ರಿಂಟ್ ಮಾಡಿ ನೋಡಿದರೆ ಎಲ್ಲಿ ನಿಂತಿದ್ದೀರಿ ಎಂಬುದು ತಿಳಿಯುತ್ತದೆ. ಸ್ವಲ್ಪ ಕೈ ಕುದುರಿದ ಮೇಲೆ ‘ಪಾತ್‌ಲಿಬ್’ ಕಲಿಯಿರಿ. 2014ರ ಪೈಥಾನ್ 3.4ರಿಂದ ಅದು ಜೊತೆಗೇ ಬರುತ್ತದೆ, ಪ್ರೋಗ್ರಾಮ್ ಇರುವ ಫೋಲ್ಡರಿನಿಂದಲೇ ದಾರಿ ಕಟ್ಟಲು ನೆರವಾಗುತ್ತದೆ.

ಇಷ್ಟಾದರೂ ಫೈಲು ಸಿಗದಿದ್ದರೆ ಹೆಸರಿನ ಬಾಲ ನೋಡಿ. ವಿಂಡೋಸ್ ಅದನ್ನು ಮರೆಮಾಡುವುದರಿಂದ ‘ಮಳೆ.ಸಿಎಸ್‌ವಿ.ಸಿಎಸ್‌ವಿ’ ಆಗಿರಬಹುದು. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಟಿಕ್ ಹಾಕಿ. ಫೈಲಿನೊಳಗೆ ಕನ್ನಡ ಬರಹವಿದ್ದರೆ, ಓಪನ್ ಮಾಡುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯುವುದನ್ನು ಮರೆಯಬೇಡಿ.