ಒಂದೇ ಚುಕ್ಕಿ ಊರ ಹೆಸರು ಬರೆಯುವ ಬಗೆ

ಪ್ರಶ್ನೆ: ಶಿವಮೊಗ್ಗದಲ್ಲಿ ಗಣಪತಿ ಮೆರವಣಿಗೆ ನೋಡಲು ಹೋಗಿದ್ದೆ. ಲೇಸರ್ ಬೆಳಕು ಎದುರಿನ ಗೋಡೆಯ ಮೇಲೆ ‘ಶಿವಮೊಗ್ಗ’ ಎಂದು ಬರೆಯಿತು. ಬರುವುದು ಒಂದೇ ಕಿರಣ, ಅಕ್ಷರ ಹೇಗೆ ಮೂಡುತ್ತದೆ? ನನ್ನ ಮೊಬೈಲ್ ವಿಡಿಯೊದಲ್ಲಿ ಅದು ತುಂಡು ತುಂಡಾಗಿರುವುದೇಕೆ?
– ಓದುಗರು, ನ್ಯೂಟೌನ್, ಭದ್ರಾವತಿ

ಉತ್ತರ: ನಿಮ್ಮ ಮೊಬೈಲೇ ಸತ್ಯಕ್ಕೆ ಹತ್ತಿರ. ಗೋಡೆಯ ಮೇಲೆ ಯಾವ ಕ್ಷಣದಲ್ಲೂ ಅಕ್ಷರ ಇರಲಿಲ್ಲ. ಇದ್ದದ್ದು ಓಡುವ ಒಂದು ಚುಕ್ಕಿ. ಉರಿಯುವ ಕೊಳ್ಳಿಯನ್ನು ಗಿರ್ರನೆ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದಲ್ಲ, ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ದೃಷ್ಟಾಂತವಾಗಿ ಕೊಟ್ಟ ಅಲಾತಚಕ್ರ, ಅದೇ ಇದು.

ಲೇಸರ್ ಪೆಟ್ಟಿಗೆಯೊಳಗೆ ಉಗುರಿನಷ್ಟು ಚಿಕ್ಕ ಎರಡು ಕನ್ನಡಿಗಳಿರುತ್ತವೆ. ಒಂದು ಕಿರಣವನ್ನು ಎಡಬಲಕ್ಕೆ ಆಡಿಸಿದರೆ ಇನ್ನೊಂದು ಮೇಲೆ ಕೆಳಗೆ. ಅವನ್ನು ತಿರುಗಿಸುವ ಪುಟ್ಟ ಮೋಟಾರಿಗೆ ಗ್ಯಾಲ್ವೊ ಎನ್ನುತ್ತಾರೆ. ಸಾಮಾನ್ಯ ಪ್ರದರ್ಶನ ಯಂತ್ರ ಸೆಕೆಂಡಿಗೆ ಸುಮಾರು 30,000 ಬಿಂದುಗಳನ್ನು ಮುಟ್ಟುತ್ತದೆ. ಚಿತ್ರ ಮಿಣುಕದಿರಬೇಕಾದರೆ ಸೆಕೆಂಡಿಗೆ 25 ಸಲವಾದರೂ ಅದನ್ನು ಪೂರ್ತಿ ಬರೆಯಬೇಕು. ಅಂದರೆ ಒಂದು ಸಲಕ್ಕೆ ಸಿಗುವುದು 1,200 ಬಿಂದು.

ಇಲ್ಲಿ ನಮ್ಮ ಲಿಪಿಗೆ ಲಾಭವೂ ಇದೆ, ನಷ್ಟವೂ ಇದೆ. ಕನ್ನಡಿಗೆ ತನ್ನದೇ ತೂಕವಿರುವುದರಿಂದ ಚೂಪು ಮೂಲೆಯಲ್ಲಿ ಥಟ್ಟನೆ ತಿರುಗಲಾರದು. ಮೂಲೆ ದುಂಡಗಾಗದಂತೆ ಅಲ್ಲಿ ಹೆಚ್ಚು ಬಿಂದು ಸುರಿಯಬೇಕು. ಕನ್ನಡದ ದುಂಡು ಗೆರೆಗಳಿಗೆ ಆ ಕಾಟ ಕಡಿಮೆ. ಆದರೆ ‘ಗ್ಗ’ದ ಒತ್ತು ಬಂತೋ, ಮೇಲಿನ ಗೆರೆ ಬಿಟ್ಟು ಕೆಳಕ್ಕೆ ಹಾರಬೇಕು. ಹಾರುವಾಗ ಬೆಳಕು ಆರಿರಬೇಕು, ಇಲ್ಲವಾದರೆ ಬೇಡದ ಗೆರೆ ಬೀಳುತ್ತದೆ. ಕಾಣದ ಆ ಹಾರಾಟವೂ 1,200ರ ಲೆಕ್ಕದಲ್ಲೇ ಖರ್ಚು. ಊರ ಹೆಸರಿನ ಜೊತೆ ಸಂಘದ ಹೆಸರು, ಶುಭಾಶಯ ಎಲ್ಲವನ್ನೂ ತುರುಕಿದಾಗ ಬರಹ ನಡುಗುವುದು ಇದಕ್ಕೇ. ಬೆಳಕನ್ನು ಆರಿಸಿ ಹೊತ್ತಿಸುವುದು ಅದನ್ನು ಹೊಮ್ಮಿಸುವ ಲೇಸರ್ ಡಯೋಡಿನ ವಿದ್ಯುತ್ತನ್ನು ಏರಿಳಿಸಿ. ಕೆಂಪು, ಹಸಿರು, ನೀಲಿಯ ಪ್ರಮಾಣ ಬದಲಿಸಿದರೆ ಉಳಿದ ಬಣ್ಣಗಳೂ ಬಂದವು.

ಇನ್ನು ಮೊಬೈಲ್. ಕ್ಯಾಮೆರಾ ಪ್ರತಿ ಫ್ರೇಮಿಗೆ ಅರೆಗಳಿಗೆ ಕಣ್ಣು ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಚುಕ್ಕಿ ಓಡಿದ ತುಂಡಷ್ಟೇ ಅದಕ್ಕೆ ಸಿಗುತ್ತದೆ. ಕಿರಣ ನೇರವಾಗಿ ಲೆನ್ಸಿಗೆ ಬಿದ್ದರೆ ಸೆನ್ಸರ್ ಸುಟ್ಟು ಶಾಶ್ವತವಾಗಿ ಗೆರೆ ಉಳಿದೀತು. ಕಣ್ಣಿನ ಅಕ್ಷಿಪಟಲಕ್ಕೂ ಅದೇ ಅಪಾಯ, ಹಾಗಾಗಿ ಕಿರಣ ಜನರ ತಲೆಯಿಂದ ಸಾಕಷ್ಟು ಮೇಲೇ ಹಾಯಬೇಕು. ಹಾಗೆಂದು ಆಕಾಶಕ್ಕೆ ಬಿಡುವುದಂತೂ ಬೇಡವೇ ಬೇಡ: ಶಿವಮೊಗ್ಗ, ಭದ್ರಾವತಿ ಎರಡಕ್ಕೂ ಹತ್ತಿರದ ಸೋಗಾನೆಯಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ, ದೂರ ಸಾಗಿದಷ್ಟೂ ಹರಡುವ ಕಿರಣ ಪೈಲಟ್ ಎದುರಿನ ಗಾಜನ್ನೇ ಬೆಳಗಿಸಿ ಕಣ್ಣು ಕೋರೈಸುತ್ತದೆ.