ಹೆಸರಿಗಿಂತ ಮೊದಲು ಬಹುಮತ ನೋಡೋಣ

ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ ಒಂದು ಕುರ್ಚಿ ಖಾಲಿಯಾದರೆ ಸಾಕು, "ಅಧ್ಯಕ್ಷರು ಯಾರ ಹೆಸರು ಹೇಳ್ತಾರೆ?" ಅನ್ನೋ ಊಹೆ ಶುರು. ಅದು ಜೀವನಪೂರ್ತಿ ಹುದ್ದೆ. ಹಾಗಾಗಿ ನಾವು ವಯಸ್ಸು, ಹಳೇ ತೀರ್ಪುಗಳನ್ನು ನೋಡ್ತೀವಿ. ಆದರೆ ಸೆನೆಟ್ ಒಪ್ಪಬೇಕಲ್ಲ!

2016ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡಾಗ, ಚಂಡೀಗಢದಲ್ಲಿ ಹುಟ್ಟಿದ ಶ್ರೀ ಶ್ರೀನಿವಾಸನ್ ಹೆಸರು ಜೋರಾಗಿ ಓಡಾಡಿತು. ಒಬಾಮಾ ಆರಿಸಿದ್ದು 63 ವರ್ಷದ ಮೆರಿಕ್ ಗಾರ್ಲೆಂಡ್ ಅವರನ್ನು. ರಿಪಬ್ಲಿಕನ್ ಬಹುಮತದ ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. 293 ದಿನ ಕಾದು ಆ ನಾಮನಿರ್ದೇಶನ ಬಿದ್ದುಹೋಯಿತು. ಚುನಾವಣೆ ಗೆದ್ದ ಟ್ರಂಪ್ 2017ರಲ್ಲಿ ಹೆಸರಿಸಿದ ನೀಲ್ ಗೊರ್ಸಚ್ ಆ ಕುರ್ಚಿಯಲ್ಲಿ ಕೂತರು.

ಮುಂದಿನ ಸಲ ಊಹೆಗೆ ಕೂತಾಗ "ಯಾರು?" ಅನ್ನೋದಕ್ಕೂ ಮೊದಲು "ಸೆನೆಟ್‌ನಲ್ಲಿ ಬಹುಮತ ಯಾರದು?" ಅಂತ ಕೇಳೋಣ. ನ್ಯಾಯಮೂರ್ತಿಯ ಆಯ್ಕೆ ಅಲ್ಲಿ ಮತಗಟ್ಟೆಯಲ್ಲೇ ಅರ್ಧ ಮುಗಿದಿರುತ್ತೆ.